ಹೆಸರು ಮತ್ತು ಬಲ: ಕ್ಯೋತೋ ಶೋಗಿಯ ಸಣ್ಣ ಮಣೆಯಲ್ಲಿ ಚದುರಂಗದ ಚರಿತ್ರೆ

೧

ಚದುರಂಗದ ಪ್ರತಿಯೊಂದು ಕಾಯಿಗೂ ಎರಡು ಲಕ್ಷಣಗಳುಂಟು. ಒಂದು ಅದರ ಹೆಸರು. ಇನ್ನೊಂದು ಅದರ ಬಲ, ಎಂದರೆ ಅದು ನಡೆಯಬಲ್ಲ ಮನೆಗಳ ಸಮೂಹ. ಆಡುವವನ ಮನಸ್ಸಿನಲ್ಲಿ ಇವೆರಡೂ ಬೇರ್ಪಡಿಸಲಾಗದಂತೆ ಬೆರೆತಿರುತ್ತವೆ. ಕುದುರೆಯೆಂದೊಡನೆ ಅದರ ವಕ್ರಗತಿಯೂ, ಮಂತ್ರಿಯೆಂದೊಡನೆ ಎಂಟು ದಿಕ್ಕುಗಳ ಓಟವೂ ತಾನಾಗಿ ನೆನಪಿಗೆ ಬರುತ್ತವೆ. ಆದರೆ ಆಟದ ಚರಿತ್ರೆಯನ್ನು ಪರಿಶೀಲಿಸಿದವರಿಗೆ ಈ ನಂಟು ಎಷ್ಟು ಸಡಿಲವಾದುದೆಂಬುದು ವಿದಿತವೇ ಆಗಿದೆ. ಹೆಸರು ಒಂದು ದೇಶದಲ್ಲಿ ನಿಂತು ಬಲ ಮತ್ತೊಂದು ದೇಶಕ್ಕೆ ಹೋದದ್ದುಂಟು. ಬಲ ಉಳಿದು ಹೆಸರು ಅಳಿದದ್ದೂ ಉಂಟು.

ಈ ಮಾತಿಗೆ ಅತ್ಯಂತ ಚಿಕ್ಕದೂ ಅತ್ಯಂತ ಸ್ಪಷ್ಟವೂ ಆದ ನಿದರ್ಶನ ಜಪಾನಿನ ‘ಕ್ಯೋತೋ ಶೋಗಿ’. ಶೋಗಿ ಎಂಬುದು ಜಪಾನೀಯರ ಚದುರಂಗ. ಕ್ಯೋತೋ ಶೋಗಿ ಅದರ ಒಂದು ಕಿರಿಯ ಪ್ರಭೇದ. ತಾಮಿಯಾ ಕಾತ್ಸುಯಾ ಎಂಬವರು ೧೯೭೬ರ ಸುಮಾರಿಗೆ ರೂಪಿಸಿದುದು. ಮಣೆಯಲ್ಲಿ ಇಪ್ಪತ್ತೈದೇ ಮನೆಗಳು, ಒಬ್ಬೊಬ್ಬನಿಗೆ ಐದೇ ಕಾಯಿಗಳು. ಆದರೆ ಅರಸನ ಹೊರತು ಪ್ರತಿಯೊಂದು ಕಾಯಿಯೂ ಒಂದು ನಡೆ ನಡೆದೊಡನೆ ಮಗುಚಿಕೊಂಡು ಬೇರೆಯ ಹೆಸರನ್ನೂ ಬೇರೆಯ ಬಲವನ್ನೂ ತಾಳುತ್ತದೆ. ಮರುನಡೆಯಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಮೇಲ್ನೋಟಕ್ಕೆ ಇದು ಚಮತ್ಕಾರವಾಗಿ, ಮಕ್ಕಳಾಟಿಕೆಯಾಗಿ ತೋರುವುದು ಸಹಜ. ಆದರೆ ಇದರ ಒಂದೊಂದು ನಿಯಮದ ಹಿಂದೆಯೂ ಶತಮಾನಗಳ ಬೆಳವಣಿಗೆಯಿದೆ. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಭಾರತದ ಆನೆಯಿಂದ ತೊಡಗುವುದು ಯುಕ್ತ. ಕ್ರಿ.ಶ. ೧೦೩೦ರ ಸುಮಾರಿಗೆ ಅಲ್‌ಬಿರೂನಿ ಭಾರತವನ್ನು ಕುರಿತು ಬರೆದ ಗ್ರಂಥದಲ್ಲಿ, ಇಲ್ಲಿ ನಾಲ್ವರು ಕುಳಿತು ದಾಳ ಉರುಳಿಸಿ ಆಡುತ್ತಿದ್ದ ಚದುರಂಗದ ವರ್ಣನೆಯಿದೆ. ಅದರಲ್ಲಿ ಆನೆ ಮುಂದಕ್ಕೆ ಒಂದು ಮನೆಯನ್ನೂ, ನಾಲ್ಕು ಮೂಲೆಗಳತ್ತ ಒಂದೊಂದು ಮನೆಯನ್ನೂ ನಡೆಯುತ್ತದೆ. ಹೀಗೆ ಒಟ್ಟು ಐದು ಮನೆಗಳು. ಇದಕ್ಕೆ ಆತ ಕೊಡುವ ಕಾರಣವೂ ಸ್ವಾರಸ್ಯವಾದುದು: ಈ ಐದು ಮನೆಗಳು ಆನೆಯ ಸೊಂಡಿಲು ಮತ್ತು ನಾಲ್ಕು ಕಾಲುಗಳ ಸ್ಥಾನಗಳಂತೆ. ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ರಥಪದ, ತುರಗಪದ, ಗಜಪದಗಳೆಂಬ ಚಿತ್ರಬಂಧಗಳನ್ನು ಹೇಳಿರುವುದರಿಂದ, ಕಾಯಿಗಳ ಗತಿ ಆ ಹೊತ್ತಿಗಾಗಲೇ ಪಂಡಿತರ ಬುದ್ಧಿವಿಲಾಸಕ್ಕೆ ವಸ್ತುವಾಗುವಷ್ಟು ಪ್ರಚಲಿತವಾಗಿದ್ದಿತೆಂದು ತಿಳಿದುಬರುತ್ತದೆ.

ಈ ಐದು ಹೆಜ್ಜೆಯ ಆನೆ ಎಲ್ಲೆಡೆಯೂ ಹೀಗೆಯೇ ಇರಲಿಲ್ಲ. ಪಾರಸಿಕರ ಮತ್ತು ಅರಬರ ಆಟದಲ್ಲಿ ‘ಪೀಲ್’ ಅಥವಾ ‘ಫೀಲ್’ ಎಂಬ ಆನೆ ಮೂಲೆಯತ್ತ ಎರಡು ಮನೆಗಳನ್ನು ಹಾರುತ್ತಿದ್ದಿತು. ಚೀನದಲ್ಲಿ ಆನೆ ಮೂಲೆಯಿಂದ ಮೂಲೆಗೆ ಎರಡು ಮನೆ ನಡೆಯುವುದಾದರೂ ಮಣೆಯ ನಡುವಿನ ನದಿಯನ್ನು ದಾಟಲಾರದು. ಯುರೋಪಿನಲ್ಲಿ ಹದಿನೈದನೆಯ ಶತಮಾನದ ಅಂತ್ಯದ ವೇಳೆಗೆ ಅದೇ ಕಾಯಿ ಅಡ್ಡಡ್ಡಲಾಗಿ ಎಷ್ಟು ದೂರವಾದರೂ ಓಡುವಂತಾಯಿತು. ಸ್ಪೇನಿನವರು ಇಂದಿಗೂ ಅದನ್ನು ‘ಆಲ್ಫಿಲ್’ ಎಂದು ಅರಬ್ಬೀ ಆನೆಯ ಹೆಸರಿನಿಂದಲೇ ಕರೆಯುತ್ತಾರೆ. ಮಂತ್ರಿಗೂ ಅದೇ ಕಾಲದಲ್ಲಿ ಅದೃಷ್ಟ ತೆರೆಯಿತು. ಅದುವರೆಗೆ ಮೂಲೆಯತ್ತ ಒಂದೇ ಹೆಜ್ಜೆ ಇಡುತ್ತಿದ್ದ ಆ ದುರ್ಬಲ ಕಾಯಿ ರಾಣಿಯಾಗಿ ಮಣೆಯನ್ನೆಲ್ಲ ಆಳತೊಡಗಿತು. ಈ ಹೊಸ ನಡೆಗಳು ಮೊತ್ತಮೊದಲು ಕಾಣಿಸುವುದು ೧೪೭೫ರ ಸುಮಾರಿನ ವೆಲೆನ್ಸಿಯಾದ ಒಂದು ಕಾವ್ಯದಲ್ಲಿ.

ಕನ್ನಡನಾಡಿನ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ ೧೧೨೬–೧೧೩೮) ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಚದುರಂಗವನ್ನೂ ಸೇರಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ ಮಣೆಯ ಮನೆಗಳನ್ನೆಲ್ಲ ಒಂದೊಂದು ಬಾರಿ ಮುಟ್ಟುವ ಬಂಧಗಳಲ್ಲಿ ಅಸಾಧಾರಣ ಶ್ರಮವಹಿಸಿದರು. ಇಂದು ಕನ್ನಡಿಗರ ಮನೆಗಳಲ್ಲಿ ಆಡುವಾಗ ಮೂಲೆಯಲ್ಲಿ ನಿಲ್ಲುವ ಕಾಯಿಗೆ ಆನೆಯೆಂದೂ, ಅಡ್ಡಡ್ಡಲಾಗಿ ಓಡುವ ಕಾಯಿಗೆ ಒಂಟೆಯೆಂದೂ ಹೆಸರು. ಆನೆ ನೇರವಾಗಿ ನಾಲ್ಕು ದಿಕ್ಕುಗಳಲ್ಲಿ ಎಷ್ಟು ದೂರವಾದರೂ ಹೋಗುತ್ತದೆ. ಮೂಲೆಯತ್ತ ಒಂದು ಮನೆಯನ್ನೂ ಹೋಗದು. ಅಲ್‌ಬಿರೂನಿ ಕಂಡ ಆನೆಯ ಸೊಂಡಿಲಾಗಲಿ ಕಾಲುಗಳಾಗಲಿ ಇದರಲ್ಲಿಲ್ಲ. ಇಲ್ಲಿ ಹೆಸರು ನಿಂತಿದೆ, ಬಲ ಬದಲಾಗಿದೆ.

ಹಾಗಾದರೆ ಆ ಐದು ಹೆಜ್ಜೆಗಳು ಎಲ್ಲಿ ಹೋದುವು? ಬರ್ಮಾದ ಹಳೆಯ ಚದುರಂಗದಲ್ಲಿ ‘ಸಿನ್’ ಎಂದರೆ ಆನೆಯೇ; ಅದರ ಗತಿ ಈ ಐದು ಮನೆಗಳೇ. ಥಾಯ್ ಆಟದಲ್ಲಿ ‘ಖೋನ್’ ಎಂಬ ಕಾಯಿಗೆ ಇದೇ ಗತಿ, ಆದರೆ ಆನೆಯ ಹೆಸರಿಲ್ಲ. ಇನ್ನೂ ಪೂರ್ವಕ್ಕೆ ಸಾಗಿ ಜಪಾನಿಗೆ ಬಂದರೆ ‘ಗಿನ್’ ಎಂಬ ಕಾಯಿ ಕಾಣುತ್ತದೆ. ಗಿನ್ ಎಂದರೆ ಬೆಳ್ಳಿ; ಪೂರ್ಣನಾಮ ಬೆಳ್ಳಿಯ ಸೇನಾಪತಿ. ಅದು ಮುಂದಕ್ಕೆ ಒಂದು, ನಾಲ್ಕು ಮೂಲೆಗಳಿಗೆ ಒಂದೊಂದು, ಹೀಗೆ ಐದು ಮನೆಗಳನ್ನೇ ನಡೆಯುತ್ತದೆ. ಇಲ್ಲಿ ಬಲ ನಿಂತಿದೆ, ಹೆಸರು ಬದಲಾಗಿದೆ.

೩

ಜಪಾನಿಗೆ ಚದುರಂಗ ಬಂದ ದಾರಿ ಚೀನದ್ದೆಂದು ಕೆಲವರೂ, ಆಗ್ನೇಯ ಏಷ್ಯದ ಸಮುದ್ರಮಾರ್ಗವೆಂದು ಕೆಲವರೂ ವಾದಿಸುತ್ತಾರೆ. ಬೆಳ್ಳಿಯ ಗತಿ ಎರಡನೆಯ ಪಕ್ಷಕ್ಕೆ ಮುಖ್ಯ ಆಧಾರ. ಬರೆದ ಅಕ್ಷರಗಳುಳ್ಳ ಚಪ್ಪಟೆ ಕಾಯಿಗಳು ಮೊದಲನೆಯ ಪಕ್ಷಕ್ಕೆ ಆಧಾರ. ದಾರಿ ಯಾವುದಾದರೂ ಇರಲಿ, ಆಟ ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ನೆಲೆಯೂರಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ನಾರಾ ನಗರದ ಕೋಫುಕು-ಜಿ ದೇವಾಲಯದ ಆವರಣದಲ್ಲಿ ೧೯೯೩ರಲ್ಲಿ ಬೆಳಕಿಗೆ ಬಂದ ಮರದ ಕಾಯಿಗಳೊಡನೆ ಕ್ರಿ.ಶ. ೧೦೫೮ಕ್ಕೆ ಸಲ್ಲುವ ತೇದಿಯುಳ್ಳ ಒಂದು ಮರದ ಓಲೆಯೂ ದೊರೆಯಿತು. ಅಲ್‌ಬಿರೂನಿಯ ಬರವಣಿಗೆಗೂ ಇದಕ್ಕೂ ಮೂವತ್ತು ವರ್ಷಗಳಷ್ಟೇ ಅಂತರ. ಭಾರತದ ವಾಯವ್ಯದಲ್ಲಿ ಆನೆಯ ಐದು ಹೆಜ್ಜೆಗಳನ್ನು ಒಬ್ಬ ವಿದ್ವಾಂಸ ಬರೆದಿಟ್ಟ ಪೀಳಿಗೆಯಲ್ಲಿಯೇ, ಏಷ್ಯದ ಪೂರ್ವದ ಅಂಚಿನಲ್ಲಿ ಯಾರೋ ಮರದ ತುಂಡಿನ ಮೇಲೆ ಮಸಿಯಿಂದ ‘ಬೆಳ್ಳಿ’ ಎಂದು ಬರೆಯುತ್ತಿದ್ದರು.

ಈ ಕಾಯಿಗಳ ಆಕಾರ ಗಮನಾರ್ಹ. ಭಾರತ, ಪಾರಸಿಕ ದೇಶ, ಯುರೋಪುಗಳಲ್ಲಿ ಕಾಯಿಯೆಂದರೆ ಕೆತ್ತಿದ ಅಥವಾ ಕಡೆದ ಬೊಂಬೆ; ಅದಕ್ಕೆ ಮುಖವುಂಟು, ಮಗುಚಿ ಇಡಲು ಬೆನ್ನಿಲ್ಲ. ಜಪಾನಿನ ಕಾಯಿ ಮುಂದಕ್ಕೆ ಚೂಪಾದ, ಐದು ಬದಿಗಳ ಚಪ್ಪಟೆ ಮರದ ಬಿಲ್ಲೆ. ಇಬ್ಬರ ಕಾಯಿಗಳಿಗೂ ಒಂದೇ ಬಣ್ಣ; ಚೂಪಾದ ತುದಿ ಯಾರ ಕಡೆಗಿದೆಯೋ ಅವನು ಶತ್ರು. ಇದರಿಂದ ಎರಡು ಮಹತ್ತ್ವದ ಪರಿಣಾಮಗಳಾದುವು. ಬಿಲ್ಲೆಗೆ ಎರಡು ಮೈಗಳಿರುವುದರಿಂದ ಹಿಂಬದಿಯಲ್ಲಿ ಎರಡನೆಯ ಹೆಸರನ್ನು ಬರೆಯಬಹುದು. ಬಣ್ಣದ ಭೇದವಿಲ್ಲದಿರುವುದರಿಂದ ಹಿಡಿದ ಕಾಯಿಯನ್ನು ತಿರುಗಿಸಿಟ್ಟರೆ ಅದು ತನ್ನದೇ ಆಗುತ್ತದೆ. ಶೋಗಿಯ ಎರಡು ಪ್ರಧಾನ ಧರ್ಮಗಳಾದ ಸಾರ್ವತ್ರಿಕ ಬಡ್ತಿ ಮತ್ತು ಸೆರೆಯಾಳಿನ ಮರುಸೇವೆ ಈ ಎರಡು ಅನುಕೂಲಗಳ ಮೇಲೆಯೇ ನಿಂತಿವೆ.

ಬಡ್ತಿಯ ಕಲ್ಪನೆ ಹಲವು ಚದುರಂಗಗಳಿಗೆ ಸಮಾನವಾದರೂ ಅನ್ಯತ್ರ ಅದು ಕಾಲಾಳಿಗೆ ಮೀಸಲು. ಭಾರತದ ಒಂದು ಪದ್ಧತಿಯಲ್ಲಿ ಕಾಲಾಳು ಯಾವ ಸಾಲಿನ ತುದಿಯನ್ನು ಮುಟ್ಟುತ್ತದೆಯೋ ಆ ಸಾಲಿನ ಕಾಯಿಯಾಗುತ್ತಿದ್ದಿತು. ಕುದುರೆಯ ಸಾಲಿನಲ್ಲಿ ಕುದುರೆ, ಆನೆಯ ಸಾಲಿನಲ್ಲಿ ಆನೆ. ಜಪಾನಿನಲ್ಲಾದರೋ ಹದಿಮೂರನೆಯ ಶತಮಾನದ ಆದಿಯ ‘ನಿಚೂರೆಕಿ’ ಎಂಬ ಸಂಗ್ರಹಗ್ರಂಥದ ವೇಳೆಗೇ, ಶತ್ರುವಿನ ಮೂರು ಸಾಲುಗಳನ್ನು ಹೊಕ್ಕ ಕಾಯಿಗಳು ಚಿನ್ನದ ಸೇನಾಪತಿಗಳಾಗುವ ನಿಯಮ ಕಂಡುಬರುತ್ತದೆ. ಚಿನ್ನದ ಗತಿ ಆರು ಮನೆಗಳು: ನೇರವಾಗಿ ನಾಲ್ಕು ದಿಕ್ಕು, ಮುಂದಿನ ಎರಡು ಮೂಲೆ. ಬೆಳ್ಳಿಯಲ್ಲದೆ, ‘ಪರಿಮಳದ ರಥ’ವೆಂದು ಹೆಸರಾದ, ಮುಂದಕ್ಕೆ ಮಾತ್ರ ಓಡುವ ಭಲ್ಲೆಯೂ, ‘ದಾಲ್ಚಿನ್ನಿಯ ಕುದುರೆ’ಯೂ, ಕಾಲಾಳೂ ಎಲ್ಲವೂ ಕೊನೆಗೆ ಚಿನ್ನವೇ. ಅರಸನ ಹೆಸರೂ ರತ್ನ. ಒಂದು ಸೈನ್ಯಕ್ಕಿಂತ ಒಂದು ಭಂಡಾರದ ಪಟ್ಟಿಯನ್ನು ಓದಿದಂತಾಗುತ್ತದೆ.

ಮಧ್ಯಯುಗದ ಜಪಾನೀಯರು ಮಣೆಯನ್ನು ಹಿಗ್ಗಿಸುತ್ತ ಹೋದರು. ಹನ್ನೆರಡು ಮನೆಗಳ ಚದರದಲ್ಲಿ ೯೨ ಕಾಯಿಗಳ ಆಟ, ಹದಿನೈದರ ಚದರದಲ್ಲಿ ೧೩೦ ಕಾಯಿಗಳ ಆಟ, ಕಡೆಗೆ ಮೂವತ್ತಾರರ ಚದರದಲ್ಲಿ ೮೦೪ ಕಾಯಿಗಳ ಆಟದವರೆಗೂ ಕಲ್ಪನೆ ಸಾಗಿತು. ಇಂಥ ಮಣೆಗಳಲ್ಲಿ ಆನೆಯ ಹೆಸರೂ ಉಳಿದಿದ್ದಿತು. ‘ಮತ್ತಗಜ’ ಎಂದು ಅನುವಾದಿಸಬಹುದಾದ ಒಂದು ಕಾಯಿ ನೇರ ಹಿಂದಕ್ಕೆ ಹೊರತು ಎಲ್ಲ ದಿಕ್ಕುಗಳಿಗೂ ಒಂದು ಹೆಜ್ಜೆ ನಡೆದು, ಬಡ್ತಿ ಪಡೆದಾಗ ಯುವರಾಜನಾಗುತ್ತಿದ್ದಿತು; ಅರಸ ಸತ್ತರೂ ಯುವರಾಜ ಇರುವವರೆಗೆ ಆಟ ಮುಗಿಯುತ್ತಿರಲಿಲ್ಲ. ಒಂಬತ್ತರ ಚದರದ ಕಿರಿಯ ಶೋಗಿಯಲ್ಲಿಯೂ ಈ ಕಾಯಿ ಅರಸನ ಮುಂದೆ ನಿಲ್ಲುತ್ತಿದ್ದಿತು. ಹದಿನಾರನೆಯ ಶತಮಾನದಲ್ಲಿ ಗೋ-ನಾರಾ ಚಕ್ರವರ್ತಿ (ಆಳ್ವಿಕೆ ೧೫೨೬–೧೫೫೭) ಇದನ್ನು ತೆಗೆಯಿಸಿದನೆಂಬುದು ಪರಂಪರೆಯ ಮಾತು. ಹೀಗೆ ಜಪಾನಿನ ಮುಖ್ಯ ಮಣೆಯಿಂದ ಆನೆಯ ಹೆಸರು ಹೊರಟುಹೋಯಿತು; ಆನೆಯ ನಡೆ ಬೆಳ್ಳಿಯ ಮೈಯಲ್ಲಿ ಉಳಿದುಕೊಂಡಿತು.

ಈ ರೂಪದಲ್ಲಿ ಒಬ್ಬೊಬ್ಬನಿಗೆ ಇಪ್ಪತ್ತು ಕಾಯಿಗಳು. ಹಿಡಿದ ಕಾಯಿಯನ್ನು ತನ್ನ ಸರದಿಯಲ್ಲಿ ಬರಿದಾದ ಮನೆಯಲ್ಲಿ ಇಳಿಸಬಹುದು. ಬಡ್ತಿ ಪಡೆದಿದ್ದ ಕಾಯಿಯಾದರೆ ಅದು ಮೊದಲಿನ ದರ್ಜೆಗೆ ಮರಳಿ ಸೇವೆಗೆ ಬರಬೇಕು. ೧೬೧೨ರಲ್ಲಿ ತೊಕುಗಾವ ಆಡಳಿತವು ಓಹಾಶಿ ಸೋಕೇಯಿ ಎಂಬ ಆಟಗಾರನಿಗೆ ವೃತ್ತಿವೇತನವನ್ನು ಕೊಟ್ಟಂದಿನಿಂದ ಇದು ರಾಜಾಶ್ರಯದ ವಿದ್ಯೆಯೂ ಆಯಿತು.

ಸೆರೆಯಾಳಿನ ಮರುಸೇವೆಯ ನಿಯಮ ಒಮ್ಮೆ ರಾಜಕೀಯ ಪ್ರಶ್ನೆಯೂ ಆದುದುಂಟು. ಮಹಾಯುದ್ಧದ ತರುವಾಯ ಅಮೆರಿಕನ್ ಆಕ್ರಮಣ ಸೇನೆಯ ಅಧಿಕಾರಿಗಳು ಪ್ರಸಿದ್ಧ ಆಟಗಾರ ಮಸುದಾ ಕೋಜೋ (೧೯೧೮–೧೯೯೧) ಅವರನ್ನು ಕರೆಸಿ, ಹಿಡಿದ ಶತ್ರುವನ್ನು ತನ್ನ ಕಡೆಯಿಂದ ಯುದ್ಧಕ್ಕೆ ನೂಕುವ ಈ ಆಟ ಯುದ್ಧಕೈದಿಗಳ ಹಿಂಸೆಗೆ ಸಮಾನವಲ್ಲವೆ ಎಂದು ಕೇಳಿದರಂತೆ. ಪಾಶ್ಚಾತ್ಯ ಚದುರಂಗದಲ್ಲಿ ಸೆರೆಸಿಕ್ಕವನನ್ನು ಕೊಂದು ಎಸೆಯುತ್ತಾರೆ, ಶೋಗಿಯಲ್ಲಿ ಅವನನ್ನು ಬದುಕಿಸಿ ಅವನ ದರ್ಜೆಗೆ ತಕ್ಕ ಕೆಲಸವನ್ನೇ ಕೊಡುತ್ತಾರೆ ಎಂಬುದು ಮಸುದಾರ ಉತ್ತರದ ತಾತ್ಪರ್ಯ. ಈ ವೃತ್ತಾಂತವನ್ನು ಹೇಳಿದವರು ಮಸುದಾರೇ ಎಂಬುದನ್ನು ನೆನಪಿನಲ್ಲಿಡಬೇಕು. ಆದರೂ ಶೋಗಿಯ ಸ್ವರೂಪವನ್ನು ಇಷ್ಟು ಸಂಕ್ಷೇಪವಾಗಿ ತಿಳಿಸುವ ಮಾತು ಬೇರೊಂದಿಲ್ಲ.

೪

ಹಿಗ್ಗಿದ ಮಣೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕುಗ್ಗತೊಡಗಿತು. ವೃತ್ತಿನಿರತರ ಕೆಲವು ಪ್ರಶಸ್ತಿ ಪಂದ್ಯಗಳಲ್ಲಿ ಒಂದೊಂದು ಆಟಕ್ಕೂ ಎರಡು ದಿನಗಳು ಹಿಡಿಯುವ ಶೋಗಿಯನ್ನು ಸಾಮಾನ್ಯರ ಬಿಡುವಿಗೆ ಹೊಂದಿಸುವ ಯತ್ನಗಳಾದುವು. ೧೯೭೦ರ ಸುಮಾರಿಗೆ ಒಸಾಕಾದ ಕುಸುಮೊತೊ ಶಿಗೆನೊಬು ಐದರ ಚದರದ ಶೋಗಿಯನ್ನು ಪ್ರಚಾರಕ್ಕೆ ತಂದರು. ಇದರಲ್ಲಿ ನಿಯಮಗಳು ಬಹುಮಟ್ಟಿಗೆ ದೊಡ್ಡ ಆಟದವೇ. ಮಣೆ ಮಾತ್ರ ಚಿಕ್ಕದು. ಕ್ಯೋತೋ ಶೋಗಿ ಇದೇ ಅಳತೆಯ ಮಣೆಯನ್ನು ಉಳಿಸಿಕೊಂಡು ಬಲದ ಸ್ವಭಾವವನ್ನೇ ಬದಲಾಯಿಸಿತು.

ಅದರ ವ್ಯವಸ್ಥೆ ಹೀಗಿದೆ. ಹಿಂದಿನ ಸಾಲಿನ ನಡುವೆ ಅರಸ; ಅವನ ಎರಡು ಪಕ್ಕಗಳಲ್ಲಿ ಚಿನ್ನ ಮತ್ತು ಬೆಳ್ಳಿ; ಒಂದು ಮೂಲೆಯಲ್ಲಿ ಕಾಲಾಳು, ಇನ್ನೊಂದರಲ್ಲಿ ‘ತೋಕಿನ್’, ಅಂದರೆ ದೊಡ್ಡ ಆಟದಲ್ಲಿ ಬಡ್ತಿ ಪಡೆದು ಚಿನ್ನದ ಗತಿಯನ್ನು ಗಳಿಸಿದ ಕಾಲಾಳು. ನಡುವಿನ ಮೂರು ಸಾಲುಗಳು ಬರಿದು. ಪ್ರತಿಯೊಂದು ಕಾಯಿಗೂ ಹಿಂಬದಿಯಲ್ಲಿ ಒಬ್ಬ ಜೊತೆಗಾರ: ಕಾಲಾಳಿಗೆ ‘ಹಾರುವ ರಥ’, ಎಂದರೆ ನೇರವಾಗಿ ಎಷ್ಟು ದೂರವಾದರೂ ಓಡುವ ಕಾಯಿ, ಬೆಳ್ಳಿಗೆ ‘ಕಾಕು’, ಎಂದರೆ ಕನ್ನಡಿಗರ ಒಂಟೆಯಂತೆ ಅಡ್ಡಡ್ಡಲಾಗಿ ಓಡುವ ಕಾಯಿ, ಚಿನ್ನಕ್ಕೆ ಕುದುರೆ, ತೋಕಿನ್‌ಗೆ ಭಲ್ಲೆ. ಕಾಯಿ ನಡೆದೊಡನೆ ಮಗುಚುವುದು ಕಡ್ಡಾಯ, ಐಚ್ಛಿಕವಲ್ಲ. ಕೈವಶವಾದ ಕಾಯಿಯನ್ನು ಇಳಿಸುವಾಗ ಮಾತ್ರ ಎರಡು ಮೈಗಳಲ್ಲಿ ಬೇಕಾದುದನ್ನು ಮೇಲೆ ಮಾಡಿ ಇಡುವ ಸ್ವಾತಂತ್ರ್ಯವುಂಟು.

ಈ ಜೋಡಣೆಗೆ ಒಂದು ಶಬ್ದವಿನೋದವೂ ಕಾರಣ. ಭಲ್ಲೆಯ ಅಕ್ಷರದ ಉಚ್ಚಾರ ‘ಕ್ಯೋ’, ತೋಕಿನ್ನಿನ ಅಕ್ಷರ ‘ತೋ’. ಎರಡೂ ಕೂಡಿದರೆ ಕ್ಯೋತೋ, ಜಪಾನಿನ ಪ್ರಾಚೀನ ರಾಜಧಾನಿ. ಬೆಳ್ಳಿಯ ‘ಗಿನ್’ ಮತ್ತು ‘ಕಾಕು’ ಸೇರಿದರೆ ಗಿನ್‌ಕಾಕು. ಅದೇ ನಗರದ ಪ್ರಸಿದ್ಧ ರಜತಮಂಟಪದ ಹೆಸರು. ಶ್ಲೇಷಪ್ರಿಯರಾದ ಕನ್ನಡ ಓದುಗರಿಗೆ ಇದು ಅಪರಿಚಿತ ಮನೋಧರ್ಮವೇನಲ್ಲ.

ಆಟದ ನಿಜವಾದ ಗಾಂಭೀರ್ಯ ಇರುವುದು ಮಗುಚುವಿಕೆಯ ಪರಿಣಾಮದಲ್ಲಿ. ಇತರ ಚದುರಂಗಗಳಲ್ಲಿ ಕಾಯಿ ಯಾವ ಬಲದಿಂದ ನಡೆಯಿತೋ ಅದೇ ಬಲದಿಂದ ಮುಂದಿನ ಮನೆಗಳನ್ನು ಬೆದರಿಸುತ್ತದೆ. ಇಲ್ಲಿ ನಡೆದ ಬಲ ಬೇರೆ, ಬೆದರಿಸುವ ಬಲ ಬೇರೆ. ಮೂಲೆಯ ಕಾಲಾಳು ಅಳುಕುತ್ತ ಒಂದು ಹೆಜ್ಜೆ ಮುಂದಿಟ್ಟೊಡನೆ ರಥವಾಗಿ ಆ ಸಾಲನ್ನೆಲ್ಲ ಆಳುತ್ತದೆ. ಆದರೆ ಆ ರಥ ಮುಂದಿನ ಸರದಿಯಲ್ಲಿ ಓಡಿ ಶತ್ರುವಿನ ಕಡೆಯ ಸಾಲಿನ ಕಾಯಿಯನ್ನು ಹಿಡಿದರೆ, ಹಿಡಿದ ಕ್ಷಣದಲ್ಲಿಯೇ ಕಾಲಾಳಾಗುತ್ತದೆ. ಅದರ ಮುಂದೆ ಮನೆಯಿಲ್ಲ. ಹಿಂದಕ್ಕೆ ನಡೆಯುವ ಹಕ್ಕಿಲ್ಲ. ಶತ್ರು ಸೆರೆಹಿಡಿದು ತನ್ನ ಕಡೆಯಿಂದ ಮತ್ತೆ ಇಳಿಸುವವರೆಗೆ ಅದಕ್ಕೆ ಬಿಡುಗಡೆಯಿಲ್ಲ. ಹೀಗೆ ವಿಜಯದ ನಡೆಯೇ ಬಂಧನದ ನಡೆಯೂ ಆಗುವುದುಂಟು.

ಇದರಿಂದ ಒಂದು ಸಾಮಾನ್ಯ ತತ್ತ್ವ ಹೊರಡುತ್ತದೆ. ಕ್ಯೋತೋ ಶೋಗಿಯಲ್ಲಿ ಬಲವೆಂಬುದು ಬಳಸಿದೊಡನೆ ವ್ಯಯವಾಗುವ ವಸ್ತು. ಸುಮ್ಮನೆ ನಿಂತ ರಥ ರಥವಾಗಿಯೇ ಇರುತ್ತದೆ. ಹೊಡೆದ ರಥ ಕಾಲಾಳಾಗಿ, ಮತ್ತೊಮ್ಮೆ ರಥವಾಗಲು ಒಂದು ಹೆಜ್ಜೆಯ ದುಡಿಮೆ ಮಾಡಬೇಕು. ಆದುದರಿಂದ ನಿಪುಣನಾದವನು ಬಲವುಳ್ಳ ಕಾಯಿಯನ್ನು ಓಡಿಸುವುದಕ್ಕಿಂತ ಹೆಚ್ಚಾಗಿ ಬಲಹೀನವಾದುದನ್ನು ನಡೆಸುತ್ತಾನೆ. ಏಕೆಂದರೆ ಅಲ್ಪಬಲದ ನಡೆಯ ಫಲವೇ ಮಹಾಬಲ. ಅರಸನೊಬ್ಬನೇ ಮಗುಚುವುದಿಲ್ಲ. ಎಲ್ಲವೂ ಚಂಚಲವಾದ ಮಣೆಯ ಮೇಲೆ ಅವನೊಬ್ಬನೇ ಸ್ಥಿರ. ಆ ಸ್ಥೈರ್ಯವೇ ಅವನ ದೌರ್ಬಲ್ಯವೂ ಹೌದು, ಏಕೆಂದರೆ ಅವನು ಎಲ್ಲಿಗೆ ಹೋಗಬಲ್ಲನೆಂಬುದು ಎದುರಾಳಿಗೆ ಸದಾ ತಿಳಿದಿರುತ್ತದೆ.

ಇಂಥ ಆಟಗಳನ್ನು ಹಳೆಯ ವಿದ್ಯೆಯ ಅಪಭ್ರಂಶಗಳೆಂದು ಆಕ್ಷೇಪಿಸುವವರಿದ್ದಾರೆ. ಪರಂಪರೆಯ ಕಾಯಿಗಳ ಗತಿಯನ್ನು ಮನಬಂದಂತೆ ತಿರುಗಿಸಿದರೆ ಆಟದ ವ್ಯಕ್ತಿತ್ವ ಉಳಿಯುವುದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅಸಂಗತವೇನಲ್ಲ. ಆದರೆ ಮೇಲೆ ನಿರೂಪಿಸಿದ ಚರಿತ್ರೆಯೇ ಅದಕ್ಕೆ ಉತ್ತರ. ಮಂತ್ರಿ ಮೂಲೆಯ ಒಂದು ಹೆಜ್ಜೆಯಿಂದ ಎಂಟು ದಿಕ್ಕಿನ ಒಡೆತನಕ್ಕೆ ಏರಲು ಹಲವು ಶತಮಾನಗಳು ಬೇಕಾದುವು. ಕಾಲಾಳು ಚಿನ್ನವಾಗಲು ಒಂದು ಆಟದ ಅವಧಿ ಬೇಕಾಯಿತು. ಕ್ಯೋತೋ ಶೋಗಿಯಲ್ಲಿ ಒಂದೇ ನಡೆ ಸಾಕು. ಬದಲಾದುದು ಪರಿವರ್ತನೆಯ ವೇಗವೇ ಹೊರತು ಅದರ ಜಾತಿಯಲ್ಲ. ಅಲ್ಲದೆ ತಾಮಿಯಾ ಹೊಸ ಗತಿಯೊಂದನ್ನೂ ಸೃಷ್ಟಿಸಲಿಲ್ಲ. ಮಣೆಯ ಮೇಲಿರುವ ಎಲ್ಲ ನಡೆಗಳೂ ಪೂರ್ವಿಕರವು. ಬೆಳ್ಳಿಯ ಐದು ಹೆಜ್ಜೆಗಳಂತೂ ಸಾವಿರ ವರ್ಷಗಳ ಹಿಂದೆ ಭಾರತದಲ್ಲಿ ದಾಖಲೆಯಾದುವು. ಪರಂಪರೆಯನ್ನು ಅರಿಯದವನು ಇಂಥ ಮಾರ್ಪಾಟನ್ನು ಮಾಡಲಾರ.

೫

ಕುಗ್ಗುವ ಪ್ರವೃತ್ತಿ ಅಲ್ಲಿಗೇ ನಿಲ್ಲಲಿಲ್ಲ. ೨೦೦೮ರಲ್ಲಿ ವೃತ್ತಿಪರ ಮಹಿಳಾ ಆಟಗಾರ್ತಿ ಕಿತಾವೊ ಮದೊಕಾ ಮಕ್ಕಳಿಗಾಗಿ ‘ದೋಬುತ್ಸು ಶೋಗಿ’, ಎಂದರೆ ಪ್ರಾಣಿಗಳ ಶೋಗಿಯನ್ನು ರಚಿಸಿದರು. ಚಿತ್ರಗಳು ಫುಜಿತಾ ಮಾಯಿಕೊ ಅವರವು. ಮೂರು ಸಾಲು, ನಾಲ್ಕು ಸಾಲಿನ ಹನ್ನೆರಡೇ ಮನೆಗಳು. ಒಬ್ಬೊಬ್ಬನಿಗೆ ಸಿಂಹ, ಜಿರಾಫೆ, ಆನೆ, ಕೋಳಿಮರಿ ಎಂಬ ನಾಲ್ಕೇ ಕಾಯಿಗಳು. ಕೋಳಿಮರಿ ಕಡೆಯ ಸಾಲನ್ನು ಮುಟ್ಟಿದರೆ ಕೋಳಿಯಾಗಿ ಚಿನ್ನದ ಗತಿಯನ್ನು ಪಡೆಯುತ್ತದೆ. ಮರುವರ್ಷವೇ ತನಾಕಾ ತೆತ್ಸುರೊ ಎಂಬ ವಿದ್ವಾಂಸರು ಗಣಕಯಂತ್ರದಿಂದ ಇದರ ೨೪,೬೮,೦೩,೧೬೭ ಸ್ಥಿತಿಗಳನ್ನೂ ಪರಿಶೋಧಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಎರಡನೆಯವನು ೭೮ನೆಯ ನಡೆಯಲ್ಲಿ ಗೆಲ್ಲುವನೆಂದು ಸಿದ್ಧಪಡಿಸಿದರು. ಹನ್ನೆರಡು ಮನೆಗಳಲ್ಲಿ ಇಪ್ಪತ್ತನಾಲ್ಕು ಕೋಟಿಗೂ ಮಿಕ್ಕ ಸ್ಥಿತಿಗಳು ಹುದುಗಿರುವಾಗ, ಮಣೆ ಚಿಕ್ಕದಾದೊಡನೆ ಆಟವೂ ಚಿಕ್ಕದಾಗುವುದೆಂಬ ಭಾವನೆ ನಿಲ್ಲಲಾರದು.

ಆದರೆ ಚರಿತ್ರೆಯ ದೃಷ್ಟಿಯಿಂದ ಆ ಮಣೆಯಲ್ಲಿ ಅಂಕೆಸಂಖ್ಯೆಗಿಂತ ಗಮನ ಸೆಳೆಯುವುದು ಅಲ್ಲಿಯ ಆನೆ. ಗೋ-ನಾರಾ ಚಕ್ರವರ್ತಿಯ ಕಾಲದಲ್ಲಿ ಮಣೆಯನ್ನು ಬಿಟ್ಟ ಆ ಹೆಸರು ಸುಮಾರು ನಾಲ್ಕೂವರೆ ಶತಮಾನಗಳ ಅನಂತರ ಒಂದು ಮಕ್ಕಳ ಆಟದಲ್ಲಿ ಹಿಂದಿರುಗಿತು. ಅದರ ಗತಿ ನಾಲ್ಕು ಮೂಲೆಗಳತ್ತ ಒಂದೊಂದು ಹೆಜ್ಜೆ. ಅಲ್‌ಬಿರೂನಿಯ ಲೆಕ್ಕದಲ್ಲಿ ನಾಲ್ಕು ಕಾಲುಗಳೂ ಬಂದಿವೆ. ಸೊಂಡಿಲೊಂದು ಮಾತ್ರ ಬೆಳ್ಳಿಯ ಬಳಿಯಲ್ಲಿಯೇ ಉಳಿದಿದೆ.